ಮಕ್ಕಳ ಪುಟಕ್ಕೆ ನಮ್ಮೂರಿನವರ ಚಿತ್ರಕಥೆ ಬರಲಿ, ಬರೆದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮಕ್ಕಳ ಪುಟಕ್ಕೆ ಹೊರಗಿನಿಂದ ಕೊಂಡು ತಂದ ಕಾಮಿಕ್ಸ್ ಪಟ್ಟಿಯನ್ನು (ಚೌಕಟ್ಟುಗಳ ಸಾಲಿನಲ್ಲಿ ಹೇಳುವ ಚಿತ್ರಕಥೆಯನ್ನು) ಕನ್ನಡಕ್ಕೆ ಅನುವಾದಿಸಿ ಹಾಕುವುದು ನಮ್ಮ ಪತ್ರಿಕೆಗಳಲ್ಲಿ ನಡೆದುಬಂದ ರೂಢಿ. ಕಡಿಮೆ ಖರ್ಚು, ಪ್ರತಿ ವಾರ ತಪ್ಪದೆ ಸಿಗುತ್ತದೆ ಎಂಬುದು ಅದಕ್ಕೆ ಕಾರಣ. ಅದೇ ಜಾಗದಲ್ಲಿ ಅರ್ಧ ಪುಟವನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಚಿತ್ರಕಾರರು ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಅಕ್ಷರ ಕೂಡಿಸಿದ ಚಿತ್ರಕಥೆಗೆ ಬಿಟ್ಟುಕೊಡಬೇಕು ಎಂದು ಕೇಳುವುದಕ್ಕೆ ಈ ಪತ್ರ. ಇದು ಅಭಿಮಾನದ ಮಾತಷ್ಟೇ ಅಲ್ಲ. ಅನುವಾದಿತ ಪಟ್ಟಿ ಕನ್ನಡದ ಪುಟದಲ್ಲಿ ಯಾಕೆ ಕೆಡುತ್ತದೆ, ಇಲ್ಲಿಯೇ ಮಾಡಿದರೆ ಯಾವ ಅಳತೆಯಲ್ಲಿ ಹೇಗೆ ಮಾಡಬೇಕು, ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಕೆಲಸದ ಮಟ್ಟದಲ್ಲೇ ಹೇಳುತ್ತೇವೆ.

ಮೊದಲ ತೊಡಕು ಬಲೂನಿನದು, ಅಂದರೆ ಪಾತ್ರದ ಮಾತನ್ನು ಬರೆಯುವ ಗುಳ್ಳೆಯದು. ಇಂಗ್ಲಿಷ್ ಕಾಮಿಕ್ಸಿನಲ್ಲಿ ಮಾತೆಲ್ಲ ದೊಡ್ಡಕ್ಷರದಲ್ಲಿರುತ್ತದೆ. ಆ ಅಕ್ಷರಗಳಿಗೆ ಕೆಳಕ್ಕೆ ಇಳಿಯುವ ಭಾಗವಿಲ್ಲ, ಮೇಲೆ ಏಳುವ ಭಾಗವೂ ಇಲ್ಲ. ಹಾಗಾಗಿ 9 ಪಾಯಿಂಟ್ (ಪಾಯಿಂಟ್ ಎಂದರೆ ಅಚ್ಚಿನ ಅಕ್ಷರದ ಅಳತೆ) ಅಕ್ಷರಕ್ಕೆ ಸಾಲಿನ ಅಂತರ 10 ಅಥವಾ 10.5 ಪಾಯಿಂಟ್ ಇಟ್ಟರೆ ಸಾಕಾಗುತ್ತದೆ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಏತ್ವಗಳಿವೆ, ಕೆಳಗೆ ಒತ್ತಕ್ಷರಗಳಿವೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಮಗು ಓದುವಾಗ ತಡವರಿಸುತ್ತದೆ. 9 ಪಾಯಿಂಟ್ ಕನ್ನಡಕ್ಕೆ 13 ಪಾಯಿಂಟ್ ಅಂತರ ಬೇಕೇ ಬೇಕು. ಇಂಗ್ಲಿಷಿಗಾಗಿ ಬರೆದ ಬಲೂನಿನಲ್ಲಿ ಅಷ್ಟು ಎತ್ತರ ಇರುವುದಿಲ್ಲ. ಆಗ ಡಿಟಿಪಿ ಮಾಡುವವರು ಅಕ್ಷರವನ್ನೇ 6 ಪಾಯಿಂಟಿಗೆ ಇಳಿಸುತ್ತಾರೆ. ನ್ಯೂಸ್‌ಪ್ರಿಂಟ್ ಕಾಗದ ಮಸಿಯನ್ನು ಹೀರಿ ಹರಡಿಸುವುದರಿಂದ 6 ಪಾಯಿಂಟಿನ ಒತ್ತಕ್ಷರದ ಒಳಸಂದು ಮುಚ್ಚಿಹೋಗಿ ಬರೀ ಕಪ್ಪು ಚುಕ್ಕೆ ಉಳಿಯುತ್ತದೆ. ತಪ್ಪು ಡಿಟಿಪಿಯವರದಲ್ಲ, ಬಲೂನಿನದು.

ಅಗಲದ ಲೆಕ್ಕವೂ ಹೀಗೆಯೇ. ಮೂರು ಚೌಕಟ್ಟಿನ ಪಟ್ಟಿ ನಾಲ್ಕು ಕಾಲಂನಲ್ಲಿ ಬಂದರೆ ಒಂದೊಂದು ಚೌಕಟ್ಟು ಸುಮಾರು 5 ಸೆಂ.ಮೀ. ಮುಖಕ್ಕೆ ಜಾಗ ಬಿಟ್ಟರೆ ಬಲೂನಿನ ಒಳ ಅಗಲ 3.5 ಸೆಂ.ಮೀ. ದಾಟುವುದಿಲ್ಲ. 9 ಪಾಯಿಂಟಿನಲ್ಲಿ ಅದು ಸಾಲಿಗೆ ಸುಮಾರು 12 ಅಕ್ಷರ. ಕನ್ನಡದ ಕ್ರಿಯಾಪದ ಒಂದೇ ಅದನ್ನು ನುಂಗಿಬಿಡಬಲ್ಲದು: ‘ಹುಡುಕಿಕೊಂಡುಬರಬೇಕಾಗಿತ್ತು’ ಎಂದರೆ ಆಗಲೇ 11 ಅಕ್ಷರ. ಅದನ್ನು ನಡುವೆ ಮುರಿದು ಎರಡು ಸಾಲು ಮಾಡಿದರೆ ಓದಿನ ಓಟ ತಪ್ಪುತ್ತದೆ. ಕನ್ನಡದಲ್ಲೇ ಯೋಚಿಸಿ ಬರೆಯುವವರು ಇಲ್ಲಿ ಗೆಲ್ಲುತ್ತಾರೆ, ಏಕೆಂದರೆ ಆಡುಮಾತು ಗ್ರಂಥದ ಭಾಷೆಗಿಂತ ಗಿಡ್ಡ. ಹಾಸನದ ಕಡೆ ‘ಬಂದಿದ್ದಾರೆ’ ಎನ್ನುವುದಕ್ಕೆ ‘ಬಂದವ್ರೆ’ ಎಂದರೆ ಸಾಕು, ‘ಹೋಗಿದ್ದಾನೆ’ ಎನ್ನುವುದಕ್ಕೆ ‘ಹೋಗವ್ನೆ’. ಒಂದೊಂದು ಬಲೂನಿಗೆ ಒಂದೆರಡು ಅಕ್ಷರ ಉಳಿದರೂ ಪುಟಕ್ಕೆ ಅದು ದೊಡ್ಡ ಉಳಿತಾಯ, ಪಾತ್ರಕ್ಕೂ ಬಾಯಿ ಬರುತ್ತದೆ. ಅನುವಾದದಲ್ಲಿ ಅಜ್ಜಿಯೂ ಪೊಲೀಸನೂ ಮೊಲವೂ ಒಂದೇ ಪಠ್ಯಪುಸ್ತಕದ ಕನ್ನಡ ಮಾತಾಡುತ್ತವೆ.

ಚಿತ್ರದೊಳಗಿನ ಸದ್ದುಗಳನ್ನು ಅನುವಾದಿಸುವುದೇ ಇಲ್ಲ. ಅವು ಚಿತ್ರದ ಭಾಗವಾಗಿಯೇ ಇರುವುದರಿಂದ ಅಳಿಸಿದರೆ ಹಿಂದಿನ ಗೋಡೆ, ಮರ, ಆಕಾಶವನ್ನು ಮತ್ತೆ ಬರೆಯಬೇಕು. ಅಷ್ಟು ಸಮಯ ಯಾರಿಗೂ ಇಲ್ಲ. ದಡಾರ್, ಧೊಪ್, ಗುಡುಗುಡು, ಜಿಟಿಜಿಟಿ, ಧೋ ಎನ್ನುವಂಥ ಇಷ್ಟೊಂದು ಅನುಕರಣ ಪದಗಳಿರುವ ಭಾಷೆಯ ಮಕ್ಕಳು ಬಾಂಬು ಸಿಡಿದಾಗಲೂ ಬಾಗಿಲು ಬಡಿದಾಗಲೂ ಇಂಗ್ಲಿಷಿನ ಸದ್ದನ್ನೇ ನೋಡುತ್ತಾರೆ. ಇದು ನಮಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ಇಲ್ಲಿಯೇ ಮಾಡುವ ಬಗೆ. ಪುರವಣಿಯ ಅರ್ಧ ಪುಟ ಅಚ್ಚಿನಲ್ಲಿ 25 ಸೆಂ.ಮೀ. ಅಗಲ, 17 ಸೆಂ.ಮೀ. ಎತ್ತರ ಎಂದುಕೊಳ್ಳೋಣ. ಮೂಲ ಚಿತ್ರವನ್ನು ಅದರ ಒಂದೂವರೆ ಪಟ್ಟು, ಅಂದರೆ 37.5 x 25.5 ಸೆಂ.ಮೀ. ಅಳತೆಯಲ್ಲಿ ಬರೆದರೆ ಎ3 ಹಾಳೆಯಲ್ಲಿ ಸುತ್ತ ಎರಡು ಸೆಂ.ಮೀ. ಅಂಚು ಬಿಟ್ಟು ಕೂರುತ್ತದೆ. ಕುಗ್ಗಿಸಿದಾಗ ಕೈನಡುಕ ಮರೆಯಾಗುತ್ತದೆ. ಅಚ್ಚಿನ ಅಳತೆಯ ಎರಡರಷ್ಟಕ್ಕಿಂತ ದೊಡ್ಡದಾಗಿ ಬರೆದರೆ ಚಿತ್ರಕಾರರು ತಮಗೆ ಗೊತ್ತಿಲ್ಲದೆಯೇ ಸಣ್ಣಸಣ್ಣ ವಿವರ ತುಂಬುತ್ತಾರೆ, ಅಚ್ಚಿನಲ್ಲಿ ಅವೆಲ್ಲ ಕಪ್ಪು ಮುದ್ದೆಯಾಗುತ್ತವೆ. ಈ ಅಳತೆಗೆ ಆರರಿಂದ ಎಂಟು ಚೌಕಟ್ಟು ಸರಿ. ಹತ್ತಾದರೆ ಬಲೂನುಗಳು ಮುಖಗಳನ್ನು ತಳ್ಳುತ್ತವೆ.

ಕೈಬರಹದ ಲೆಟರಿಂಗ್ ಮಾಡುವವರು ಬಲೂನನ್ನು ಮೊದಲು ಬರೆಯಬಾರದು, ಮಾತನ್ನು ಮೊದಲು ಬರೆಯಬೇಕು. ಎ3 ಮೂಲದಲ್ಲಿ ಅಕ್ಷರದ ಒಡಲಿಗೆ 3 ಮಿ.ಮೀ., ಮೇಲೆ ಗುಡಿಸಿಗೆ 1.5, ಕೆಳಗೆ ಒತ್ತಿಗೆ 2, ಸಾಲುಗಳ ನಡುವೆ ಅರ್ಧ ಮಿ.ಮೀ. ಬಿಡುವು: ಒಟ್ಟು 7 ಮಿ.ಮೀ. ಅಂತರದಲ್ಲಿ ಪೆನ್ಸಿಲ್ ಗೆರೆ ಹಾಕಿಕೊಂಡರೆ ಅಚ್ಚಿನಲ್ಲಿ ಸುಮಾರು 13 ಪಾಯಿಂಟ್ ಆಗುತ್ತದೆ. ಮಾತು ಬರೆದಾದ ಮೇಲೆ ಅದರ ಸುತ್ತ ಬಲೂನು. ಕೊನೆಯ ಸಾಲಿನ ಕೆಳಗೆ ಮೇಲ್ಭಾಗಕ್ಕಿಂತ ಒಂದೆರಡು ಮಿ.ಮೀ. ಹೆಚ್ಚು ಜಾಗ ಬಿಡಬೇಕು, ಇಲ್ಲದಿದ್ದರೆ ಒತ್ತಕ್ಷರ ಬಲೂನಿನ ಗೆರೆಗೆ ತಾಗುತ್ತದೆ. ಮೊದಲು ಮಾತಾಡುವ ಪಾತ್ರ ಎಡಕ್ಕೆ ಅಥವಾ ಮೇಲಕ್ಕೆ ಇರಬೇಕೆನ್ನುವುದನ್ನು ಪೆನ್ಸಿಲ್ ಹಂತದಲ್ಲೇ ನೋಡಿಕೊಳ್ಳಬೇಕು. ಇಂಕಿಂಗ್ (ಪೆನ್ಸಿಲ್ ಗೆರೆಯ ಮೇಲೆ ಮಸಿ ಎಳೆಯುವುದು) ಆದ ಮೇಲೆ ಪಾತ್ರಗಳ ಜಾಗ ಅದಲುಬದಲು ಮಾಡಲಾಗುವುದಿಲ್ಲ. ಆಗ ಬಲೂನಿನ ಬಾಲಗಳು ಒಂದನ್ನೊಂದು ದಾಟಿ, ಯಾರ ಮಾತು ಯಾರದೆಂದು ತಿಳಿಯದಾಗುತ್ತದೆ.

ಓದಿನ ದಿಕ್ಕನ್ನು ಕಲಿಯಬೇಕೆನ್ನುವ ಎಳೆಯರಿಗೆ ನಮ್ಮಲ್ಲೇ ಒಂದು ಪಾಠಶಾಲೆಯಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಹೊರಗೋಡೆಯ ಮೇಲೆ 140 ಕಥಾಫಲಕಗಳಿವೆ. ದಕ್ಷಿಣದ 70 ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ 25 ಫಲಕ ಕೃಷ್ಣನ ಕಥೆ, 45 ಫಲಕ ಮಹಾಭಾರತ. ಹೊಯ್ಸಳ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತದೆ. ಗೋಡೆಗೆ ಮುಖ ಮಾಡಿ ನಿಂತರೆ ಅದು ಬಲದಿಂದ ಎಡಕ್ಕೆ. ಅಮೃತಾಪುರದ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ, ಅಂದರೆ ನಾವು ಪುಟ ಓದುವ ಹಾಗೆ ಎಡದಿಂದ ಬಲಕ್ಕೆ. ದಕ್ಷಿಣದ ಗೋಡೆ ನೋಡಿ ಉತ್ತರಕ್ಕೆ ಬಂದರೆ ಒಂದೇ ಗುಡಿಯಲ್ಲಿ ಎರಡೂ ದಿಕ್ಕಿನ ಕಥನ ಸಿಗುತ್ತದೆ. ಓಡುವವನು, ಬಾಣ ಬಿಡುವವನು, ಬರಮಾಡಿಕೊಳ್ಳುವವನು ಯಾವ ಕಡೆ ಮುಖ ಮಾಡಿದ್ದಾನೆ ಎಂದು ಎರಡೂ ಕಡೆ ಹತ್ತು ಹತ್ತು ಫಲಕಗಳನ್ನು ನಕಲು ಮಾಡಿಕೊಂಡರೆ ಚೌಕಟ್ಟಿನಿಂದ ಚೌಕಟ್ಟಿಗೆ ಕಣ್ಣನ್ನು ಕರೆದೊಯ್ಯುವುದು ಹೇಗೆಂದು ಕೈಗೇ ತಿಳಿಯುತ್ತದೆ. ಶಾಲೆಗಳ ಚಿತ್ರಕಲಾ ಶಿಕ್ಷಕರು ಇದನ್ನು ಮಾಡಿಸಬಹುದು.

ಮಲೆನಾಡಿನ ಮಳೆ ಈ ಕೆಲಸಕ್ಕೆ ದೊಡ್ಡ ಶತ್ರು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಳೆ ಗಾಳಿಯ ತೇವವನ್ನೇ ಕುಡಿದು ಮೆತ್ತಗಾಗುತ್ತದೆ. ಕಾಗದದ ಮೇಲಿನ ಅಂಟಿನ ಲೇಪ ಸಡಿಲಗೊಂಡು ನಿಬ್ಬಿನ ಗೆರೆಯ ಅಂಚಿನಿಂದ ಮಸಿ ಬೇರಿನಂತೆ ಹಬ್ಬುತ್ತದೆ. ಹಾಳೆ ಅಲೆ ಎದ್ದು ಸ್ಕ್ಯಾನರಿನ ಗಾಜಿಗೆ ಸರಿಯಾಗಿ ಕೂರದೆ ಅಂಚಿನಲ್ಲಿ ಬೂದು ನೆರಳು ಬರುತ್ತದೆ. ಎರಡು ತಿಂಗಳು ಕಪಾಟಿನಲ್ಲಿಟ್ಟರೆ ಬೂಷ್ಟಿನ ಕಂದು ಚುಕ್ಕೆಗಳು ಬೀಳುತ್ತವೆ. 200 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ಅಳತೆ) ತೆಳು ಕಾಗದವನ್ನು ಮಳೆಗಾಲದಲ್ಲಿ ಬಳಸಬೇಡಿ ಎನ್ನುವುದು ನಮ್ಮ ಖಚಿತ ಸಲಹೆ. ಹಾಳೆಗಳನ್ನು ಮಟ್ಟಸವಾಗಿ, ದಪ್ಪ ಪಾಲಿಥಿನ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ನೀಲಿ ಬಣ್ಣದ ಜೆಲ್ ಗುಲಾಬಿಗೆ ತಿರುಗಿದರೆ ಅದು ತೇವ ತುಂಬಿಕೊಂಡಿದೆ ಎಂದರ್ಥ. ಮತ್ತೆ ಒಣಗಿಸದೆ ಬಳಸಿದರೆ ಇಟ್ಟೂ ಪ್ರಯೋಜನವಿಲ್ಲ. ಅಂದು ಬರೆಯುವ ಹಾಳೆಯನ್ನು ಮಾತ್ರ ಹೊರತೆಗೆದು, ಹೇರ್ ಡ್ರೈಯರನ್ನು ಒಂದಡಿ ದೂರ ಹಿಡಿದು ಎರಡೂ ಬದಿ ಬೆಚ್ಚಗೆ ಮಾಡಿ, ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಿ ಶುರುಮಾಡಬೇಕು. ನೀರಿಗೆ ಕರಗದ ಇಂಡಿಯನ್ ಇಂಕೇ ಇರಲಿ. ಫೌಂಟನ್ ಪೆನ್ನಿನ ಮಸಿ ಒದ್ದೆ ಬೆರಳು ತಾಗಿದರೂ ಎದ್ದುಬರುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಬರೆಯುವವರಿಗೆ ಈ ಕಾಟವಿಲ್ಲ. ಆದರೆ ಗಾಳಿಮಳೆಗೆ ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಅವರೂ ನಾಲ್ಕು ವಾರದ ಪುಟಗಳನ್ನು ಮುಂಗಡವಾಗಿ ಕಚೇರಿಗೆ ಕೊಟ್ಟಿರಬೇಕು. ಅರ್ಧ ಪುಟಕ್ಕೆ ಕಥೆ, ಪೆನ್ಸಿಲ್, ಇಂಕ್, ಅಕ್ಷರ ಎಲ್ಲ ಸೇರಿ ಮೂರು ನಾಲ್ಕು ದಿನದ ಪೂರ್ಣ ಕೆಲಸವಿದೆ. ‘ನಾಳೆ ಬೆಳಿಗ್ಗೆಗೆ ಒಂದು ಕಾಮಿಕ್ಸ್ ಕೊಡಿ’ ಎನ್ನುವಂಥದ್ದಲ್ಲ.

ಅಚ್ಚಿನ ಮನೆಗೆ ಹೋಗುವ ಮುಂಚೆ ನೋಡಬೇಕಾದವು ಇವು. ಕಪ್ಪುಬಿಳುಪು ಗೆರೆಚಿತ್ರವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆಯಂತೆ) ಸ್ಕ್ಯಾನ್ ಮಾಡಿ ಒಂದೂವರೆ ಪಟ್ಟು ಕುಗ್ಗಿಸಿದರೆ ಅಚ್ಚಿನ ಅಳತೆಯಲ್ಲಿ 900 ಸಿಗುತ್ತದೆ, ಗೆರೆ ಚೂಪಾಗಿ ಬರುತ್ತದೆ. ಕಡತ ಟಿಫ್ ಅಥವಾ ಪಿಡಿಎಫ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಉದ್ದದ ಬದಿಯನ್ನು ಸಾಮಾನ್ಯವಾಗಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತದೆ. 25 ಸೆಂ.ಮೀ.ಗೆ ಹರಡಿದರೆ 160 ಡಿಪಿಐ ಮಾತ್ರ ಉಳಿಯಿತು, ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಈ ತೊಂದರೆ ಇಲ್ಲ. ನ್ಯೂಸ್‌ಪ್ರಿಂಟ್ ಮೇಲೆ ಶೇ 50ರ ಬೂದು ಶೇ 75ರಷ್ಟು ಕಪ್ಪಾಗಿ ಕಾಣುತ್ತದೆ, ಆದ್ದರಿಂದ ನೆರಳಿಗೆ ಬೂದು ತುಂಬುವ ಬದಲು ಗೆರೆಗೆರೆ ಹಾಕುವುದು ಮೇಲು. ಅಚ್ಚಿನ ಅಳತೆಯಲ್ಲಿ ಗೆರೆ 0.2 ಮಿ.ಮೀ.ಗಿಂತ ತೆಳುವಾಗಬಾರದು, ಗೆರೆಗಳ ನಡುವೆ ಅರ್ಧ ಮಿ.ಮೀ. ಬೆಳಕಿರಬೇಕು. ಬಣ್ಣದ ಪುಟವಾದರೆ ಅಚ್ಚಿನ ನಾಲ್ಕು ಮಸಿಗಳ (ಸಿಎಂವೈಕೆ: ಸಯಾನ್, ಮಜೆಂಟಾ, ಹಳದಿ, ಕಪ್ಪು) ಪ್ರಮಾಣ ಒಟ್ಟು ಸೇರಿ ಶೇ 240 ಮೀರದಂತೆ ನೋಡಿಕೊಳ್ಳಬೇಕು, ಮೀರಿದರೆ ಹಿಂಬದಿಯ ಪುಟಕ್ಕೆ ಮಸಿ ಇಳಿಯುತ್ತದೆ. ಅಕ್ಷರವೂ ಹೊರಗೆರೆಯೂ ಕಪ್ಪು ಪ್ಲೇಟೊಂದರಲ್ಲೇ ಇರಬೇಕು. ನಾಲ್ಕು ಬಣ್ಣ ಬೆರೆತ ಕಪ್ಪಿನಲ್ಲಿ ಅಕ್ಷರ ಕೂಡಿಸಿದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರಕ್ಕೂ ಕೆಂಪು, ನೀಲಿ ಅಂಚು ಮೂಡುತ್ತದೆ.

ಕಂಪ್ಯೂಟರ್ ಅಕ್ಷರ ಬಳಸುವವರು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದ ಪಠ್ಯವನ್ನು ಈಗಿನ ಯೂನಿಕೋಡ್ ಸಂಕೇತದ ಅಕ್ಷರವಿರುವ ಕಡತಕ್ಕೆ ಅಂಟಿಸಿದಾಗ ಅಸಂಬದ್ಧ ರೋಮನ್ ಚಿಹ್ನೆಗಳು ಕಾಣುತ್ತವೆ, ಪರಿವರ್ತಿಸಿಯೇ ಅಂಟಿಸಬೇಕು. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಮಾಡದಿದ್ದರೆ ಒತ್ತಕ್ಷರ, ಅರ್ಕಾವೊತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬಾಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡ ಎರಡೂ ಮುಕ್ತ ಪರವಾನಗಿಯ ಫಾಂಟುಗಳು, ಪತ್ರಿಕೆಯಲ್ಲಿ ಬಳಸಲು ಹಣ ಕೊಡಬೇಕಿಲ್ಲ. ಕೂಗು, ಸದ್ದುಗಳಿಗೆ ಬಾಲೂ ತಮ್ಮ ಚೆನ್ನಾಗಿ ಹೊಂದುತ್ತದೆ.

ಇಲ್ಲಿಯವರೇ ಬರೆದರೆ ಚಿತ್ರದಲ್ಲಿ ಏನು ಬದಲಾಗುತ್ತದೆ? ಆನೆಯನ್ನೇ ನೋಡಿ. ಆಲೂರು, ಸಕಲೇಶಪುರದ ಕಾಡಾನೆ ಸುದ್ದಿಗೆ ಅಗಲ ಕಿವಿಯ ಆಫ್ರಿಕಾ ಆನೆಯ ಚಿತ್ರ ಹಾಕಿರುವುದನ್ನು ಒಂದಲ್ಲ ಹಲವು ಕಡೆ ಕಾಣಬಹುದು. ನಮ್ಮ ಆನೆಯ ಕಿವಿ ಚಿಕ್ಕದು, ಹಣೆಯ ಮೇಲೆ ಎರಡು ಉಬ್ಬು, ನಡುವೆ ತಗ್ಗು. ಬೆನ್ನು ನಡುವೆ ಎತ್ತರ. ಸೊಂಡಿಲ ತುದಿಯಲ್ಲಿ ಒಂದೇ ಬೆರಳು. ಉದ್ದ ದಂತ ಗಂಡಿಗೆ ಮಾತ್ರ, ಅದೂ ಎಲ್ಲ ಗಂಡಿಗೂ ಇಲ್ಲ. ಮರಿ ಜೊತೆಗಿರುವ ತಾಯಿಗೆ ಮಾರುದ್ದದ ದಂತ ಬರೆದರೆ ಸಕಲೇಶಪುರದ ಮಗು ನಗುತ್ತದೆ. ಕಾಫಿಯದೂ ಇದೇ ಕಥೆ. ಕೃತಕ ಬುದ್ಧಿಮತ್ತೆಯಿಂದ ತೆಗೆಸಿದ ‘ಕಾಫಿ ತೋಟ’ದ ಚಿತ್ರಗಳಲ್ಲಿ ಬೆನ್ನಿಗೆ ಬುಟ್ಟಿ ಹೊತ್ತು ಬೋಳು ಗುಡ್ಡದಲ್ಲಿ ನಿಂತ ಹೆಂಗಸರಿರುತ್ತಾರೆ. ಅದು ಚಹಾ ತೋಟ. ಕಾಫಿ ಕೊಯ್ಯುವವರು ಚೀಲವನ್ನು ಸೊಂಟಕ್ಕೆ ಕಟ್ಟಿರುತ್ತಾರೆ, ಮೇಲೆ ಸಿಲ್ವರ್ ಓಕ್ ನೆರಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು, ಹಣ್ಣು ರೆಂಬೆಯ ಗೆಣ್ಣುಗಳಲ್ಲಿ ಗೊಂಚಲು ಗೊಂಚಲು. ಹೂ ಬರುವುದು ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ, ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ. ಗಿಡದ ತುಂಬ ಬಿಳಿ ಹೂವನ್ನೂ ಕೆಂಪು ಹಣ್ಣನ್ನೂ ಒಟ್ಟಿಗೆ ಬರೆಯುವಂತಿಲ್ಲ. ಇವನ್ನೆಲ್ಲ ಹೇಳಿಕೊಡಬೇಕಾಗಿಲ್ಲದ ಕೈಗಳು ಈ ಎರಡು ಜಿಲ್ಲೆಗಳಲ್ಲಿ ಬೇಕಾದಷ್ಟಿವೆ.

ಕನ್ನಡಕ್ಕೆ ಇದು ಹೊಸ ಸಾಹಸವೂ ಅಲ್ಲ. 1942ರಲ್ಲಿ ಶುರುವಾದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದರು. ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲಿಕೆ ರಾಮ್ ವಾಯೀರ್ಕರ್ ಬರೆದ ‘ಕೃಷ್ಣ’ದಿಂದ, 11ನೇ ಸಂಖ್ಯೆಯಿಂದ ಆರಂಭವಾಗುವುದಕ್ಕೆ ಕಾರಣ, ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದಿದ್ದವು. ಅವು ವಿದೇಶಿ ಕಥೆಗಳ ಕನ್ನಡ ರೂಪ ಎನ್ನುವುದು ನಿಜ, ಆದರೆ ಮಾರುಕಟ್ಟೆ ಮೊದಲು ಪರೀಕ್ಷಿಸಿದ್ದು ಕನ್ನಡದ ಓದುಗರನ್ನು. ವ್ಯಂಗ್ಯಚಿತ್ರಗಳ ಮೂಲಪ್ರತಿ ಹೇಗಿರುತ್ತದೆ ಎಂದು ನೋಡಬಯಸುವವರು ಬೆಂಗಳೂರಿನ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಹೋಗಿ ಬರಬಹುದು.

ಕೊನೆಯದಾಗಿ ಹೆಸರು ಮತ್ತು ಹಕ್ಕಿನ ವಿಚಾರ. ಕಥೆಗೆ ಲೇಖಕರ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ, ಅದರ ಚಿತ್ರಕ್ಕೆ ‘ಅಂತರ್ಜಾಲ ಕೃಪೆ’ ಎಂದಷ್ಟೇ. ಬಲ ಮೂಲೆಯಲ್ಲಿ ಮಾಡಿದ ಸಹಿಯನ್ನು ಕಾಲಂಗೆ ಹೊಂದಿಸುವಾಗ ಕತ್ತರಿಸುವುದೂ ಉಂಟು. (ಎಳೆಯ ಚಿತ್ರಕಾರರೇ, ಸಹಿಯನ್ನು ಅಂಚಿನಲ್ಲಿ ಹಾಕಬೇಡಿ, ಚಿತ್ರದ ಒಳಗೆ ಹಾಕಿ.) ಬೇಲೂರಿನ ಮದನಿಕೆಯರ ಕಾಲಬುಡದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣರ ಹೆಸರು ಒಂಬತ್ತು ಶತಮಾನಗಳಿಂದ ನಿಂತಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಗುಡಿಯಲ್ಲಿ ಯಾವ ಬದಿ ಬೈಚೋಜನದು, ಯಾವ ಬದಿ ಮಲ್ಲಿತಮ್ಮನದು ಎಂದು ಇಂದಿಗೂ ಬೆರಳಿಟ್ಟು ತೋರಿಸಬಹುದು. ಅಂಥ ಜಿಲ್ಲೆಯಲ್ಲಿ ಚಿತ್ರ ಬರೆದವರ ಹೆಸರಿಗೆ 8 ಪಾಯಿಂಟಿನ ಒಂದು ಸಾಲು ಕೇಳಬೇಕಾಗಿರುವುದು ಸರಿಯಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ, ಮರ್ಯಾದೆಗೆ ಕುಂದು ಬರುವಂತೆ ಅದನ್ನು ತಿರುಚುವುದನ್ನು ತಡೆಯುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. 17ನೇ ಕಲಮಿನಂತೆ ಪತ್ರಿಕೆಯ ನೌಕರಿಯಲ್ಲಿದ್ದು ಬರೆದ ಚಿತ್ರದ ವಿಷಯದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದು, ಉಳಿದದ್ದು ಕಲಾವಿದರದು. ಹೊರಗಿನಿಂದ ಹಣ ಪಡೆದು ಪೇಂಟಿಂಗ್ ಅಥವಾ ಭಾವಚಿತ್ರ ಬರೆದುಕೊಡುವವರು ಮಾತ್ರ ಎಚ್ಚರದಿಂದಿರಬೇಕು: ಒಪ್ಪಂದವಿಲ್ಲದಿದ್ದರೆ ಹಕ್ಕು ಬರೆಸಿದವರ ಪಾಲಾಗಬಹುದು. 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ತಿಳಿಯಲಾಗುತ್ತದೆ. ಹೀಗಾಗಿ ಫೋನಿನಲ್ಲಿ ‘ಆಯ್ತು ಕಳಿಸಿ’ ಎನ್ನುವ ಬದಲು ಒಂದು ಪುಟದ ಪತ್ರ ಬರೆದುಕೊಂಡರೆ ಇಬ್ಬರಿಗೂ ಒಳ್ಳೆಯದು. ಮುದ್ರಣಕ್ಕೆ ಎಷ್ಟು, ಜಾಲತಾಣದ ಆವೃತ್ತಿಗೆ ಎಷ್ಟು, ಮುಂದೆ ಪುಸ್ತಕವಾದರೆ ಎಷ್ಟು, ತಿದ್ದುಪಡಿ ಎಷ್ಟು ಸುತ್ತು, ಮೂಲಪ್ರತಿ ಯಾರಿಗೆ, ಇಷ್ಟು ಅದರಲ್ಲಿರಲಿ. ಪೆನ್ಸಿಲ್ ಹಂತದಲ್ಲಿ ಎರಡು ಸುತ್ತು ತಿದ್ದುಪಡಿ ನ್ಯಾಯ. ಇಂಕ್ ಆದ ಮೇಲೆ ಕಥೆ ಬದಲಿಸಿದರೆ ಅದು ಹೊಸ ಕೆಲಸ. ಕಥೆ, ಚಿತ್ರ, ಅಕ್ಷರ ಮೂವರು ಮಾಡಿದ್ದರೆ ಮೂವರ ಹೆಸರೂ ಬರಲಿ, ಸಂಭಾವನೆಯೂ ಬೇರೆ ಬೇರೆ ಇರಲಿ. ಅಕ್ಷರ ಬರೆದವರನ್ನು ಲೆಕ್ಕಕ್ಕೇ ಹಿಡಿಯದಿರುವುದು ಎಲ್ಲಕ್ಕಿಂತ ಹಳೆಯ ಅನ್ಯಾಯ.

ತಮ್ಮಿಂದ ಈಗ ಬೇಕಾಗಿರುವುದು ಮೂರೇ ಮಾಹಿತಿ: ಪುರವಣಿಯ ಅರ್ಧ ಪುಟದ ನಿಖರ ಅಳತೆ ಮಿಲಿಮೀಟರಿನಲ್ಲಿ, ತಾವು ಸ್ವೀಕರಿಸುವ ಕಡತದ ಬಗೆ, ಪುಟ ಮುಚ್ಚುವ ದಿನ. ಇವನ್ನು ಸಂಭಾವನೆಯ ಮೊತ್ತದೊಂದಿಗೆ ಮಕ್ಕಳ ಪುಟದಲ್ಲೇ ಪ್ರಕಟಿಸಿದರೆ ಎರಡೂ ಜಿಲ್ಲೆಗಳ ಚಿತ್ರಕಾರರು ಮಾದರಿ ಪುಟಗಳನ್ನು ಕಳಿಸುತ್ತಾರೆ. ಮಳೆ ಹಿಡಿಯುವ ಮೊದಲೇ ಪ್ರಕಟಿಸಿದರೆ ಇನ್ನೂ ಅನುಕೂಲ.

ಇಂತಿ,
ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಚಿತ್ರಕಾರರು ಮತ್ತು ಪುಟವಿನ್ಯಾಸಕರು
ಹಾಸನ